ಪಶ್ಚಿಮಕ್ಕೆ ತಿರುಗಿಸಿದ ಮಂಚ

ಕೃಷ್ಣೆಯ ದಂಡೆಯ ಸಣ್ಣ ಆಶ್ರಮವೊಂದರಲ್ಲಿ ಅಣ್ಣಾರಾಯರೆಂಬ ವೃದ್ಧ ಗುರುಗಳಿದ್ದರು. ವಾರಕ್ಕೊಮ್ಮೆ ವಿಶ್ವವಿದ್ಯಾಲಯಕ್ಕೆ ಹೋಗಿ ಪಾಠ ಹೇಳುತ್ತಿದ್ದರು.

ಕೇಳುವವರು ಎಳೆಯರಲ್ಲ. ಪೊಲೀಸರು, ವಕೀಲರು, ಶಾಲೆಯ ಶಿಕ್ಷಕರು, ನರ್ಸುಗಳು. ಕೆಲಸದಲ್ಲಿ ಎಲ್ಲ ಧರ್ಮದ ಜನರ ಎದುರು ನಿಲ್ಲಬೇಕಾದವರು. ಯಾರು ಹೇಗೆ ಉಪವಾಸವಿರುತ್ತಾರೆ, ಹೇಗೆ ಹೆಸರಿಡುತ್ತಾರೆ, ಸತ್ತವರನ್ನು ಹೇಗೆ ಕಳಿಸಿಕೊಡುತ್ತಾರೆ ಎಂದು ಒಂದು ವರ್ಷ ಓದುತ್ತಿದ್ದರು.

ಆ ತರಗತಿಯಲ್ಲಿ ಸುಗಂಧಾಳಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಅವಳು ದೊಡ್ಡಾಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ನರ್ಸು. ಗುರುಗಳು ಪ್ರಶ್ನೆ ಮುಗಿಸುವ ಮೊದಲೇ ಅವಳ ಕೈ ಮೇಲಿರುತ್ತಿತ್ತು.

ಓದು ಮುಗಿದು ತಿಂಗಳೂ ಆಗಿರಲಿಲ್ಲ. ಒಂದು ಮಧ್ಯಾಹ್ನ ಅವಳು ಆಶ್ರಮದ ಬಾಗಿಲಿಗೆ ಬಂದು ನಿಂತಳು. ಡ್ಯೂಟಿಯ ಬಿಳಿ ಸೀರೆಯನ್ನೂ ಬದಲಿಸಿರಲಿಲ್ಲ.

"ಒಳಗ ಬಾ," ಎಂದರು ಗುರುಗಳು. "ಕೂಡು."

"ನಿಂತ ಹೇಳ್ತೀನ್ರಿ. ಕೂತರ ಹೇಳಾಕ ಆಗೂದಿಲ್ಲ."

ಗುರುಗಳು ಕೈಯಲ್ಲಿದ್ದ ಪುಸ್ತಕ ಮುಚ್ಚಿ ಕೆಳಗಿಟ್ಟರು.

"ನನ್ನ ವಾರ್ಡಿನ್ಯಾಗ ಹಜರತಬಿ ಅಂತ ಒಬ್ಬಾಕಿ ಮುದುಕಿ ಅದಾಳ್ರಿ. ಉಸಿರಿನ ತ್ರಾಸು. ಸೋಮವಾರ ಡಾಕ್ಟರು ನೋಡಿ, ಕಷ್ಟ ಐತಿ ಅಂದ್ರು. ಮಗಳು ಚಾ ತರಾಕ ಹೋಗಿದ್ಲು. ನಾ ಮಂಚ ತಿರುಗಿಸಿದೆ."

"ಯಾವ ಕಡೆ?"

"ಮುಖ ಪಶ್ಚಿಮಕ್ಕ ಬರೂ ಹಂಗ. ಅವರಲ್ಲಿ ಸಾಯುವಾಗ ಹಂಗ ಮಾಡ್ತಾರ ಅಂತ ನೀವ ಕಲಿಸಿದ್ರಿ. ಆ ಹೊತ್ತಿಗೆ ಓದೂ ಪ್ರಾರ್ಥನೆನೂ ಮೊಬೈಲಿನ್ಯಾಗ ಹಚ್ಚಿ ಕಿವಿ ಹತ್ತಿರ ಇಟ್ಟೆ. ಎಷ್ಟು ಚಲೋ ಮಾಡೀನಿ ಅಂತ ನನಗ ಹೆಮ್ಮಿ ಆಗಿತ್ತು."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಮುದುಕಿ ಕಣ್ಣು ಬಿಟ್ಟಳು. ಗೋಡಿ ನೋಡಿದಳು. ಮೊಬೈಲ್ ನೋಡಿದಳು. ಆಮ್ಯಾಲೆ, 'ಅವ್ವಾ, ನಾ ಸಾಯಾಕತ್ತೀನೇನು?' ಅಂತ ನನ್ನ ಕೇಳಿದಳು."

"ನೀ ಏನಂದಿ?"

"ನೆಲ ಒರಸೂದೈತಿ, ಅದಕ್ಕ ಮಂಚ ಸರಿಸೀನಿ ಅಂದೆ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಮಗಳು ಬಂದು ನೋಡಿದ್ಲು. ಕೈಯಾಗಿನ ಚಾ ಅಲ್ಲೇ ಬಿತ್ತು. ಅವ್ವ ಹೋದಳು ಅಂತ ಬಾಯಿ ಬಡಕೊಂಡ್ಲು. ಇಡೀ ವಾರ್ಡು ಎದ್ದು ನಿಂತು ನನ್ನ ನೋಡತಿತ್ತು."

"ಮುದುಕಿ?"

"ಬದುಕ್ಯಾಳ್ರಿ. ಆರಾಮ ಆಗಾಕತ್ತೈತಿ. ಆದರ ಯಾರು ಮಂಚ ಮುಟ್ಟಿದರೂ ಕಂಬಿ ಗಟ್ಟಿಯಾಗಿ ಹಿಡಕೋತಾಳ. ನಾಕು ದಿನ ಆತು. ನಾ ಆ ವಾರ್ಡಿಗೆ ಹೋಗಿಲ್ಲ, ಡ್ಯೂಟಿ ಬದಲಿ ಮಾಡಿಸಿಕೊಂಡೀನಿ."

ಅವಳು ಒಂದು ಹೆಜ್ಜೆ ಒಳಗೆ ಬಂದು ಕೇಳಿದಳು. "ಸರಿಯಾದ ಹೊತ್ತು ಯಾವುದ್ರಿ? ಯಾವಾಗ ತಿರುಗಿಸಬೇಕಿತ್ತು? ಯಾವ ಪುಸ್ತಕದಾಗ ಐತಿ ಹೇಳ್ರಿ, ಮತ್ತೊಮ್ಮೆ ಓದತೀನಿ."

ಅಣ್ಣಾರಾಯರು ಎದ್ದು ಅಂಗಿ ತೊಟ್ಟರು.

"ಎಲ್ಲಿಗ್ರಿ?"

"ದವಾಖಾನಿಗೆ. ನಡಿ."

ಇಬ್ಬರೂ ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ವಾರ್ಡಿನ ಬಾಗಿಲಲ್ಲಿ ಸುಗಂಧಾಳ ಕಾಲುಗಳು ನಿಂತೇಬಿಟ್ಟವು. ಗುರುಗಳು ಹಿಂದೆ ನೋಡದೆ ಮುಂದೆ ಹೋದರು. ಅವಳು ಗೋಡೆಯ ಪಕ್ಕದಲ್ಲೇ ನಡೆದು ಅವರ ಬೆನ್ನ ಹಿಂದೆ ನಿಂತಳು.

ಹಜರತಬಿ ದಿಂಬಿಗೆ ಒರಗಿ ಕೂತಿದ್ದಳು. ಗುರುಗಳು ಅವಳ ಮುಂದೆ ಕೈ ಜೋಡಿಸಿ ತಲೆ ಬಾಗಿಸಿದರು.

"ಈ ಹುಡುಗಿಗೆ ಪಾಠ ಹೇಳಿದಾವ ನಾನು. ತಪ್ಪಾತವ್ವಾ."

ಗುರುಗಳು ಯಾರ ಮುಂದೆಯೂ ಹಾಗೆ ಬಾಗಿದ್ದನ್ನು ಸುಗಂಧಾ ನೋಡಿರಲಿಲ್ಲ. ನೆಲ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

ಮುದುಕಿ ಅವರನ್ನು ದಿಟ್ಟಿಸಿದಳು. "ಮಾಸ್ತರೇನ್ರಿ ನೀವು? ಏನು ಕಲಸ್ತೀರಿ?"

"ಯಾರ್ಯಾರು ಹೆಂಗ ದೇವರ ಕಡೆ ಹೊಳ್ಳತಾರ, ಮುಖ ತಿರುಗಸ್ತಾರ, ಅದನ್ನ."

"ನಾ ಹೆಂಗ ಹೊಳ್ಳತೀನಿ, ಗೊತ್ತೈತೇನು ನಿಮಗ?"

"ಇಲ್ಲವ್ವಾ."

ಮುದುಕಿ ಕಾಲು ಮಡಚಿ ಮಂಚದ ತುದಿಯಲ್ಲಿ ಜಾಗ ಮಾಡಿದಳು. "ಹಂಗಾರ ಕೂಡ್ರಿ."

ಗುರುಗಳು ಕೂತರು. ಅವಳು ಉಸಿರು ಸಿಕ್ಕಷ್ಟು ಸಿಕ್ಕಷ್ಟೇ ಹೇಳಿದಳು.

"ನಾ ಗಾಜಿನ ಬಳಿ ಮಾರಾಕಿ. ಇದೇ ದವಾಖಾನಿ ಗೇಟಿನ ಮುಂದ ಇಪ್ಪತ್ತೆರಡು ವರ್ಷ ಕೂತೀನಿ. ಬುಟ್ಟಿ ಪಕ್ಕಕ್ಕಿಟ್ಟು, ಗೋಣಿಚೀಲ ಹಾಸಿ ಅಲ್ಲೇ ನಮಾಜು ಮಾಡತಿದ್ದೆ. ಗಿರಾಕಿ ನಿಂತು ಕಾಯತಿದ್ರು. ಈಗ ಆ ಗೇಟು ನೋಡಬೇಕು ಅನಸ್ತೈತಿ. ಅದನ್ನ ನೋಡಿದರ ದೇವರ ನೆನಪು ತಾನಾಗೇ ಬರತೈತಿ." ಉಸಿರು ಎಳೆದುಕೊಂಡು ಅಂದಳು, "ಪಶ್ಚಿಮ ಯಾವ ಕಡೆ ಅಂತ ನನಗೂ ಗೊತ್ತೈತ್ರಿ ಮಾಸ್ತರ. ಹೊತ್ತು ಬಂದಾಗ ಹೊಳ್ಳತೀನಿ."

ಸುಗಂಧಾ ಒಂಬತ್ತು ವರ್ಷ ಆ ಗೇಟಿನಿಂದಲೇ ಒಳಗೆ ಬಂದವಳು. ಅಲ್ಲೊಂದು ಬುಟ್ಟಿ ಇದ್ದದ್ದು ನೆನಪಿತ್ತು. ಬುಟ್ಟಿಯ ಹಿಂದಿನ ಮುಖ ನೆನಪಿರಲಿಲ್ಲ.

ಅವಳು ಮೆಲ್ಲಗೆ ಮುಂದೆ ಬಂದಳು. "ಅಜ್ಜೀ, ಮಂಚ ಕಿಟಕಿ ಕಡೆ ತಿರುಗಿಸ್ಲೇನು? ಗೇಟು ಕಾಣತೈತಿ."

ಮುದುಕಿಯ ಕೈ ಥಟ್ಟನೆ ಕಂಬಿಗೆ ಹೋಯಿತು. ಸುಗಂಧಾ ಅಲ್ಲೇ ನಿಂತಳು. ಕಾದಳು. ಪಕ್ಕದ ಮಂಚದವರು ನೋಡುತ್ತಿದ್ದರು. ನೋಡಲಿ ಎಂದು ತಲೆ ತಗ್ಗಿಸಿಯೇ ಕಾದಳು.

ಬಹಳ ಹೊತ್ತಿನ ಮೇಲೆ ಮುದುಕಿ, "ಸಾವಕಾಶ ತಿರುಗಸು," ಎಂದಳು.

ಮಂಚ ಕಿರುಗುಟ್ಟುತ್ತ ತಿರುಗಿತು. ಬೇವಿನ ಗಿಡದ ಆಚೆ ಗೇಟು ಕಂಡಿತು. ಹಜರತಬಿ ಅದನ್ನೇ ನೋಡುತ್ತ ಕೂತಳು. ಆಮೇಲೆ ಅವರಿಬ್ಬರ ಕಡೆ ತಿರುಗಲೇ ಇಲ್ಲ.

ಇಬ್ಬರೂ ಹೊರಗೆ ಬಂದರು. ಮೆಟ್ಟಿಲ ಮೇಲೆ ಸುಗಂಧಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಗುರುಗಳ, ಆಕಿ ನನ್ನ ಕ್ಷಮಿಸ್ಯಾಳೇನ್ರಿ?"

ಅಣ್ಣಾರಾಯರು ಮೆಟ್ಟಿಲು ಇಳಿಯುತ್ತಲೇ ಹೇಳಿದರು:

"ಆಕಿ ಒಳಗದಾಳ. ನನ್ನ ಯಾಕ ಕೇಳತಿ?"