ಹಿಂದಿನ ಗಾಲಿಯ ಎಣ್ಣೆ

"ಬುದ್ಧಿ, ಎಷ್ಟು ಬಿಗಿಹಿಡಿದರೂ ನನ್ನ ಕೋಪ ಹೊರಗೆ ಬರುತ್ತದೆ. ದೋಷ ನಾನು ಹಿಡಿದ ವ್ರತದ್ದೋ, ನನ್ನದೋ?"

ಗುರುಗಳನ್ನು ಹೀಗೆ ಕೇಳಿದವನು ಸಿದ್ಧವೀರ. ಮಠದ ದಾಸೋಹದಲ್ಲಿ ಬಡಿಸುವ ಶಿಷ್ಯ. ಅಂದು ಮಧ್ಯಾಹ್ನ ತಡವಾಗಿ ಬಂದು ಪಂಕ್ತಿಯಲ್ಲಿ ಕೂತ ಒಬ್ಬ ಮುದುಕಿಯನ್ನು ಅವನು ಗದರಿದ್ದ. ಆಕೆ ಎಲೆಯ ಮುಂದಿನಿಂದ ಎದ್ದು ಹೋಗಿದ್ದಳು.

ಅವನ ಸ್ವಭಾವ ಮೊದಲು ಹೀಗಿರಲಿಲ್ಲ. ಹೋದ ವರ್ಷ ಊರಿನಿಂದ ತಾಯಿ ತೀರಿಕೊಂಡ ಸುದ್ದಿ ಬಂದಾಗಲೂ ಅವನು ಸೌಟು ಹಿಡಿದು ಸಾರು ಬಡಿಸುತ್ತಿದ್ದ. ಸುದ್ದಿ ಕೇಳಿದ, ತಲೆಯಾಡಿಸಿದ, ಮುಂದಿನ ಎಲೆಗೆ ಬಡಿಸಿದ. ಕಣ್ಣು ಒದ್ದೆಯಾಗಲಿಲ್ಲ. ವೈರಾಗ್ಯವೆಂದರೆ ಇದು ಎಂದು ಮಠದವರು ಬಂದವರಿಗೆಲ್ಲ ಹೇಳುತ್ತಿದ್ದರು.

"ಮೌನ ಹಿಡಿದು ನೋಡಿದೆ. ಒಪ್ಪೊತ್ತು ಮಾಡಿ ನೋಡಿದೆ. ಜಪ ಹೆಚ್ಚಿಸಿದೆ" ಎಂದ ಸಿದ್ಧವೀರ. "ಅನ್ನ ಬಡಿಸುವ ನಾನೇ ಹಸಿದವಳನ್ನು ಎಬ್ಬಿಸಿ ಕಳಿಸಿದೆ. ಕಾವಿ ಬಿಚ್ಚಿಟ್ಟು ಹೋಗಲು ಅಪ್ಪಣೆ ಕೊಡಿ."

ಗುರುಗಳು ಅಪ್ಪಣೆ ಕೊಡಲಿಲ್ಲ. ಬೇಡವೆಂದೂ ಹೇಳಲಿಲ್ಲ. ಈ ಕತೆ ಹೇಳಿದರು.

ಬೆಟ್ಟದ ಮೇಲಿನ ಊರಿನಲ್ಲಿ ಒಬ್ಬ ಜೀಪಿನವನಿದ್ದ. ಕೆಳಗಿನ ಆಸ್ಪತ್ರೆಗೆ, ಸಂತೆಗೆ ಹೋಗುವವರಿಗೆ ಅವನ ಜೀಪು ಬಿಟ್ಟರೆ ಬೇರೆ ಗಾಡಿ ಇರಲಿಲ್ಲ. ದಾರಿಯುದ್ದಕ್ಕೂ ಇಳಿಜಾರು, ಒಂದು ಕಡೆ ಕಂದಕ. ಅವನು ಕುಡಿಯುವವನಲ್ಲ, ಜೋರಾಗಿ ಓಡಿಸುವವನಲ್ಲ. ಜೀಪಿನ ಕೆಲಸವನ್ನು ಬೇರೆಯವರ ಕೈಗೆ ಕೊಡುತ್ತಲೂ ಇರಲಿಲ್ಲ.

ಆಯುಧಪೂಜೆ ಹತ್ತಿರ ಬಂದಾಗ ಹಿಂದಿನ ಗಾಲಿಯಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ಬೇರಿಂಗ್ ಸವೆದಿದೆ ಎಂದು ಅವನಿಗೆ ತಿಳಿಯಿತು. ಮನೆಯ ಅಂಗಳದಲ್ಲೇ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಜಾಕಿನಿಂದ ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟ. ಗಾಲಿ ಬಿಚ್ಚಿದ, ಬ್ರೇಕಿನ ಡ್ರಮ್ ಬಿಚ್ಚಿದ, ಎರಡು ಗಾಲಿಗಳನ್ನು ಕೂಡಿಸುವ ಟೊಳ್ಳು ಆಕ್ಸಲಿನೊಳಗಿನ ಶಾಫ್ಟನ್ನು ಹೊರಗೆಳೆದ. ಹಳೆಯ ಬೇರಿಂಗ್ ತೆಗೆದು ಹೊಸದನ್ನು ಕೂರಿಸಿದ. ಆಕ್ಸಲಿನ ಎಣ್ಣೆ ಬ್ರೇಕಿನ ಕಡೆಗೆ ಬರದಂತೆ ತಡೆಯುವ ರಬ್ಬರಿನ ಸೀಲನ್ನೂ ಬದಲಿಸಿದ. ಅದರ ಅಂಚಿಗೆ ಗ್ರೀಸ್ ಸವರಿ, ಮೇಲೆ ಹಲಗೆಯಿಟ್ಟು, ಸುತ್ತಲೂ ಸಮನಾಗಿ ತಟ್ಟಿದ. ಎರಡೂ ಕಡೆ ಹಾಗೆಯೇ ಮಾಡಿದ. ಆ ಕೆಲಸದಲ್ಲಿ ತಪ್ಪಿರಲಿಲ್ಲ.

ಹೇಗೂ ಬಿಚ್ಚಿದ್ದಾಗಿದೆ, ಪೂಜೆಗೆ ಜೀಪಿನ ಅಡಿಯೂ ಚೊಕ್ಕಟವಾಗಿರಲಿ ಎಂದುಕೊಂಡ. ಆಕ್ಸಲನ್ನು ಉಜ್ಜಿ ತೊಳೆದು ಕಪ್ಪು ಬಣ್ಣ ಹಚ್ಚಿದ. ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿದ.

"ಅಡಿಗೆ ಯಾರು ಬಗ್ಗಿ ನೋಡ್ತಾರೆ?" ಎಂದಳು ಹೆಂಡತಿ.

"ಪೂಜೆ ಮಾಡೋದು ನೋಡುವವರಿಗಾ?" ಎಂದ ಅವನು.

ಆದರೆ ಪೂಜೆಯ ದಿನ ಕುಂಬಳಕಾಯಿ ಒಡೆದ ಮೇಲೆ ಊರವರು ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಇವನ ಜೀಪಿನ ಅಡಿಯಲ್ಲಿ ಎಲೆ ಹಾಕಿ ಊಟ ಮಾಡಬಹುದು ಎಂದರು. ಅವನಿಗೆ ಸಂತೋಷವಾಯಿತು.

ಹಬ್ಬ ಕಳೆದ ಮೇಲೆ ಗಾಲಿಯ ಒಳಮೈಯಲ್ಲಿ ಎಣ್ಣೆ ಕಾಣಿಸಿತು. ಸೀಲು ಕಳಪೆ ಎಂದು ಬೈದು ಬೇರೆ ತಂದು ಹಾಕಿದ. ಅದೂ ಸೋರಿತು. ಇನ್ನೂ ಒಳ್ಳೆಯದನ್ನು ಹುಡುಕಿ ತಂದು, ಅಂಚಿಗೆ ಅಂಟು ಬಳಿದು ಕೂರಿಸಿದ. ಅದೂ ಸೋರಿತು. ಎಣ್ಣೆ ಬ್ರೇಕಿಗೆ ಹತ್ತಿತು, ಬ್ರೇಕು ಜಾರತೊಡಗಿತು.

ತುಂಬು ಗರ್ಭಿಣಿಯೊಬ್ಬಳನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಒಂದು ತಿರುವಿನಲ್ಲಿ ಜೀಪು ನಿಲ್ಲಲೇ ಇಲ್ಲ. ಅವನು ಅದನ್ನು ಬೆಟ್ಟದ ಕಡೆಗೆ ತಿರುಗಿಸಿ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಗರ್ಭಿಣಿ ಇಳಿದಳು. ಉಳಿದ ದಾರಿಯನ್ನು ಜೊತೆಗೆ ಬಂದಿದ್ದ ಅತ್ತೆಯ ಭುಜ ಹಿಡಿದು ನಡೆದಳು. ಅವರ ಬಟ್ಟೆಗಂಟನ್ನು ಹೊತ್ತುಕೊಂಡು ಅವನು ಹಿಂದೆ ನಡೆದ.

ಅಂದಿನಿಂದ ಅವನು ಜೀಪಿಗೆ ಯಾರನ್ನೂ ಹತ್ತಿಸಲಿಲ್ಲ. ಖಾಲಿ ಜೀಪನ್ನು ಊರೊಳಗೇ ಓಡಿಸುವುದು, ಬಂದು ಬಿಚ್ಚಿ ನೋಡುವುದು, ಇದೇ ಕೆಲಸವಾಯಿತು. ನಿಂತಿದ್ದಷ್ಟು ಹೊತ್ತು ಒಂದು ಹನಿಯೂ ಇಳಿಯುತ್ತಿರಲಿಲ್ಲ. ಓಡಿ ಬಿಸಿಯಾದರೆ ಸೋರುತ್ತಿತ್ತು. ಸೀಲು ಬಿಸಿ ತಾಳುತ್ತಿಲ್ಲ ಎಂದು ಅವನು ಮತ್ತೆ ಸೀಲನ್ನೇ ಬೈದ. ಜೀಪನ್ನು ಗುಜರಿಗೆ ಹಾಕುವ ಮಾತನ್ನೂ ಆಡಿದ.

ಒಂದು ಸಂಜೆ ಓಡಿಸಿ ಬಂದವನು, ಆಕ್ಸಲಿನಲ್ಲಿ ಎಷ್ಟು ಎಣ್ಣೆ ಉಳಿದಿದೆ ನೋಡೋಣವೆಂದು ಎಣ್ಣೆ ತುಂಬುವ ಬಿರಡೆಯನ್ನು ಸಡಿಲಿಸಿದ. ಒಳಗಿನಿಂದ ಗಾಳಿ ಭುಸ್ಸೆಂದು ಬಂತು. ಹೆಂಡತಿ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಇದೇನ್ರೀ, ಕುಕ್ಕರ್ ಹಾಗೆ ಉಸಿರು ಬಿಡ್ತು" ಎಂದು ನಕ್ಕಳು. "ಇದಕ್ಕೆ ವಿಶಲ್ ಎಲ್ಲಿಟ್ಟಿದ್ದಾರೆ?"

ಅವನು ನಗಲಿಲ್ಲ. ಮತ್ತೆ ಜೀಪಿನ ಅಡಿಗೆ ತೂರಿ ಆಕ್ಸಲಿನ ನೆತ್ತಿಯ ಮೇಲೆ ಕೈಯಾಡಿಸಿದ. ಬಿಸಿಯಾಗಿ ಹಿಗ್ಗಿದ ಗಾಳಿ ಹೋಗಲೆಂದು ಅಲ್ಲೊಂದು ಸಣ್ಣ ತೂತು ಇರುತ್ತದೆ. ಅದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಈಗ ಅಲ್ಲಿ ಬೆರಳಿಗೆ ಸಿಕ್ಕಿದ್ದು ನುಣುಪಾದ ಬಣ್ಣ. ಹೋಗಲು ದಾರಿಯಿಲ್ಲದ ಗಾಳಿ ಪ್ರತಿ ಸಲವೂ ಎಣ್ಣೆಯನ್ನು ಸೀಲಿನ ಮೇಲೆ ನೂಕಿತ್ತು.

ಅವನು ಮೊಳೆಯ ತುದಿಯಿಂದ ಆ ಬಣ್ಣವನ್ನು ಕೆರೆದು ತೂತನ್ನು ಬಿಡಿಸಿದ. ಎಣ್ಣೆ ಕುಡಿದಿದ್ದ ಬ್ರೇಕಿನ ಲೈನರುಗಳನ್ನು ಬದಲಿಸಿದ. ಸೀಲು ಮಾತ್ರ ಹೊಸದು ತರಲಿಲ್ಲ. ಬೈಸಿಕೊಂಡ ಸೀಲೇ ಸೋರದೆ ನಿಂತಿತು. ಕೆಲವು ದಿನಗಳ ಬಳಿಕ ಆ ಜೀಪಿಗೆ ಮೊದಲು ಹತ್ತಿದವಳು, ಆಸ್ಪತ್ರೆಯಿಂದ ಕೂಸಿನೊಡನೆ ಮನೆಗೆ ಹೊರಟಿದ್ದ ಆ ಬಾಣಂತಿ.

ಗುರುಗಳು ಕತೆ ನಿಲ್ಲಿಸಿದರು.

"ಅವನು ಬಣ್ಣ ಹಚ್ಚಿದ್ದು ಭಕ್ತಿಯಿಂದಲೇ ಅಲ್ಲವೆ, ಬುದ್ಧಿ?" ಎಂದು ಸಿದ್ಧವೀರ ಕೇಳಿದ.

"ಹೌದು. ಅದಕ್ಕೇ ಅವನ ಸಂಶಯ ಅತ್ತ ಹೋಗಲಿಲ್ಲ."

"ನಾನು ಎಲ್ಲಿ ಬಣ್ಣ ಹಚ್ಚಿದ್ದೇನೆ?"

ಗುರುಗಳು ಅವನ ಬಲಗೈಯನ್ನು ನೋಡಿದರು.

"ಅವ್ವ ಹೋದ ಸುದ್ದಿ ಬಂದಾಗ ಹಿಡಿದಿದ್ದ ಸೌಟನ್ನು ನೀನು ಅಳುವುದಕ್ಕೂ ಇನ್ನೂ ಕೆಳಗಿಟ್ಟಿಲ್ಲ, ಸಿದ್ಧವೀರ."