ಕೂಗಿಗೆ ಹಿಡಿದಿಟ್ಟ ಜಾಗ

“ಗುರುಗಳೇ, ಬೆಳಗಿನಿಂದ ಮಲಗುವವರೆಗೆ ನಾನು ಒಂದು ಕ್ಷಣವನ್ನೂ ವ್ಯರ್ಥ ಮಾಡುವುದಿಲ್ಲ. ಪೂಜೆ, ಪಾಠ, ದಾಸೋಹ, ಮಠಕ್ಕೆ ಬಂದವರ ಕಷ್ಟ ಕೇಳುವುದು, ಎಲ್ಲಕ್ಕೂ ನಾನೇ. ಆದರೂ ದಿನಕ್ಕೊಂದು ತಾಸು ಸುಮ್ಮನೆ ಕೂತಿರು ಎನ್ನುತ್ತೀರಿ. ಅದರಿಂದ ಯಾರಿಗೇನು ಲಾಭ?” ಎಂದು ಶಿಷ್ಯ ಶಿವಬಸವ ಕೇಳಿದ.

ಅದು ಪ್ರಶ್ನೆಯಲ್ಲ, ದೂರು. ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೈಕ್‌ಸೆಟ್ಟಿನವನಿದ್ದ. ನಾಟಕ ಕಂಪನಿಯೊಂದು ಆ ಊರಿಗೆ ಬಂದಾಗ ಅವನನ್ನೇ ಕರೆಯಿತು. ಆ ನಾಟಕದಲ್ಲಿ ತಾಯಿಯ ಪಾತ್ರದವಳು ಉದ್ದಕ್ಕೂ ಮೆಲ್ಲಗೆ ಮಾತಾಡುತ್ತಾಳೆ. ಕೊನೆಗೆ ಮಗನ ಹೆಣ ಕಂಡು ಒಮ್ಮೆ ಕೂಗುತ್ತಾಳೆ. ಇಡೀ ನಾಟಕ ನಿಂತಿರುವುದೇ ಆ ಕೂಗಿನ ಮೇಲೆ.

ಪರದೆ ಎದ್ದ ಕೂಡಲೇ ಹಿಂದಿನ ಸಾಲಿನವರು ಕೇಳಿಸುತ್ತಿಲ್ಲ ಎಂದು ಗಲಾಟೆ ಮಾಡಿದರು. ಇವನು ಆಂಪ್ಲಿಫಯರಿನ ವಾಲ್ಯೂಮನ್ನು ಕೊನೆಯವರೆಗೂ ತಿರುಗಿಸಿದ. ಪಿಸುಮಾತೂ ಸ್ಪಷ್ಟವಾಗಿ ಕೇಳಿತು. ಜನ ಭಲೇ ಎಂದರು, ಇವನು ಮೀಸೆ ತಿರುವಿದ. ಕೊನೆಗೆ ತಾಯಿ ಕೂಗಿದಳು. ಪಿಸುಮಾತಿಗೇ ಶಕ್ತಿಯನ್ನೆಲ್ಲ ಕೊಟ್ಟಿದ್ದ ಆಂಪ್ಲಿಫಯರಿನಲ್ಲಿ ಕೂಗಿಗೆ ಕೊಡಲು ಏನೂ ಉಳಿದಿರಲಿಲ್ಲ. ಕೂಗಿನ ನೆತ್ತಿ ಕತ್ತರಿಸಿಹೋಗಿ ತಗಡು ಹರಿದಂಥ ಸದ್ದು ಬಂತು. ಜನ ಬಿದ್ದು ಬಿದ್ದು ನಕ್ಕರು. ಆಕೆ ಬಣ್ಣ ಅಳಿಸಿಕೊಳ್ಳುತ್ತಾ ಅತ್ತಳು. ಇನ್ನು ರಂಗ ಹತ್ತುವುದಿಲ್ಲ ಎಂದಳು.

ಮರುದಿನ ಮೈಕ್‌ಸೆಟ್ಟಿನವನು ನಾಚಿಕೆಯಿಂದ ತನಗೆ ಕಸುಬು ಕಲಿಸಿದ ಮುದುಕನನ್ನು ಕರೆತಂದ. ಮುದುಕ ಮೊದಲು ಆಕೆಯನ್ನು ಇನ್ನೊಂದು ಸಲಕ್ಕೆ ಒಪ್ಪಿಸಿದ. ಒಂದು ಸ್ಪೀಕರನ್ನು ಹಿಂದಿನ ಸಾಲಿನ ಹತ್ತಿರ ಇಡಿಸಿದ. ಆಮೇಲೆ ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗಿಳಿಸಿ ಕೈ ಕಟ್ಟಿ ಕೂತ. ಮೈಕ್‌ಸೆಟ್ಟಿನವನಿಗೆ ತಡೆಯಲಾಗಲಿಲ್ಲ.

“ಅಜ್ಜಾ, ಅರ್ಧ ಮಷೀನ್ ಸುಮ್ನ ಕುಂತೈತಲ್ಲ?”

“ಸುಮ್ನ ಕುಂತಿಲ್ಲೋ ತಮ್ಮಾ. ಆಕಿ ಕೂಗಿಗೆ ಜಾಗಾ ಹಿಡಕೊಂಡು ಕುಂತೈತಿ.”

ಅಂದು ಅದೇ ಮಷೀನಿನಿಂದ ಕೂಗು ಇಡಿಯಾಗಿ ಹೊರಬಂತು. ಯಾರೂ ನಗಲಿಲ್ಲ. ಗಲಾಟೆ ಮಾಡಿದ್ದವರೇ ಕಣ್ಣೊರೆಸಿಕೊಂಡರು. ಆಕೆ ಆ ಪಾತ್ರವನ್ನು ಮುಂದೆಯೂ ಬಹಳ ವರ್ಷ ಮಾಡಿದಳು.

ಕತೆ ಮುಗಿಯಿತು. ಶಿವಬಸವ ಬಿಡಲಿಲ್ಲ. ಕತೆ ಚೆನ್ನಾಗಿದೆ, ಆದರೆ ತಾನು ಯಂತ್ರವಲ್ಲವಲ್ಲ, ತನ್ನಲ್ಲಿ ಯಾವುದೂ ಮುಗಿದುಹೋಗಿಲ್ಲ ಎಂದು ವಾದಿಸಿದ.

ಗುರುಗಳು ಕೇಳಿದರು: “ಅಳುತ್ತಾ ನಿನ್ನ ಬಳಿ ಬಂದವರಲ್ಲಿ ಒಬ್ಬರಾದರೂ, ಇಲ್ಲಿ ನನ್ನ ಅಳುವಿಗೆ ಜಾಗವಿದೆ ಎಂದು ಎರಡನೇ ಸಲ ಬಂದಿದ್ದಾರೆಯೇ?”