ಹುರಿ ಸಂಕವ್ವ ಎಳೆದ ಗೆರೆ

ಬಹಳ ಹಿಂದೆ, ವರ್ಷ ಇಂಥದ್ದೇ ಎಂದು ಹೇಳಿದರೆ ಸುಳ್ಳಾದೀತು, ತಾಳೆಮಡು ಅಂತ ಒಂದು ಊರಿತ್ತು. ಅಲ್ಲಿ ಹುರಿ ಸಂಕವ್ವ ಅಂತ ಒಬ್ಬಳಿದ್ದಳಂತೆ. ಓಲೆಗರಿಗೆ ತೂತು ಕೊರೆಯುವುದು, ಹುರಿ ಪೋಣಿಸುವುದು, ಬಿಗಿದು ಕಟ್ಟುವುದು ಅವಳ ಕಸುಬು. ಅಕ್ಷರ ಒಂದೂ ಬರುತ್ತಿರಲಿಲ್ಲ. ಆದರೂ ನೋಡಿ, ಗ್ರಂಥ ಅನ್ನುವ ಮಾತಿದೆಯಲ್ಲ, ಕನ್ನಡಕ ಏರಿಸಿಕೊಂಡು ನಾವೆಲ್ಲ ಗಂಭೀರವಾಗಿ ಆಡುತ್ತೇವಲ್ಲ, ಅದರ ಮೂಲದ ಅರ್ಥ ಬರೆದದ್ದು ಅಂತಲ್ಲ, ಕಟ್ಟಿದ್ದು ಅಂತ. ನಿಘಂಟು ತೆಗೆದು ನೋಡಿ. ಬರೆಯುವವನು ಎಷ್ಟೇ ಬರೆಯಲಿ, ಸಂಕವ್ವನಂಥವರು ಕಟ್ಟುವ ತನಕ ಅದು ಬರೀ ಗರಿ.

ಅವಳದೊಂದು ಪದ್ಧತಿ ಇತ್ತಂತೆ. ಕಟ್ಟಿ ಮುಗಿದ ಮೇಲೆ ಗರಿಗಳ ಅಂಚಿಗೆ, ಮೇಲಿನಿಂದ ಕೆಳತನಕ, ಉಗುರಿಗೆ ಸಿಗುವಷ್ಟು ಆಳವಾಗಿ ಒಂದು ಓರೆ ಗೆರೆ ಎಳೆದು ಕಾಡಿಗೆ ತುಂಬುವಳಂತೆ. ಗರಿ ಚೆದುರಿದರೆ ಗೆರೆ ಕೂಡಿಸಿಕೊಂಡು ಜೋಡಿಸಬಹುದು. ಅದಕ್ಕೆ ಓದು ಬೇಕಾಗಿಲ್ಲ.

ಊರಿನ ಗ್ರಂಥವನ್ನು ಪ್ರತಿ ಮಹಾನವಮಿಗೆ ಚಾವಡಿಯಲ್ಲಿ ಓದುತ್ತಿದ್ದರು. ಅದರಲ್ಲೊಂದು ಗರಿ ಹೇಳುತ್ತಿತ್ತು: ಕೆರೆ ತೋಡಿದವರು ಕೆಳಕೇರಿಯವರು, ನೀರು ಮೊದಲು ಅವರ ಗದ್ದೆಗೆ. ಸಂಕವ್ವನೂ ಕೆಳಕೇರಿಯವಳೇ. ನೀರೆಲ್ಲ ಮೊದಲು ತನ್ನ ಗದ್ದೆಗೇ ಬೇಕೆನ್ನುವ ಊರಿನ ಪಾಳೆಯಗಾರನಿಗೆ ಆ ಗರಿ ಕಣ್ಣಿಗೆ ಚುಚ್ಚಿದ ಮುಳ್ಳು. ಪುಣ್ಯಕ್ಕೆ ಓದುತ್ತೇನೆಂದು ಗ್ರಂಥವನ್ನು ಮನೆಗೆ ತರಿಸಿಕೊಂಡನಂತೆ. ತಿಂಗಳಾದ ಮೇಲೆ, ಕೆರೆ ನಮ್ಮಜ್ಜ ತೋಡಿಸಿದ್ದು, ಅಲ್ಲವೆನ್ನುವವರು ಗ್ರಂಥದಲ್ಲಿ ತೋರಿಸಿ ಎಂದು ಕೆಳಕೇರಿಯ ಕಡೆಯ ತೂಬು ಮುಚ್ಚಿಸಿದನಂತೆ. ಹೊಸ ಹುರಿ ಹಾಕು ಎಂಬ ಅಪ್ಪಣೆಯೊಂದಿಗೆ ಬಿಚ್ಚಿದ ಗರಿಗಳು ಸಂಕವ್ವನ ಮನೆಗೆ ಬಂದವು.

ಸಂಕವ್ವ ಅಂಚನ್ನು ಉಗುರಿನಿಂದ ಸವರಿದಳು. ನಡುವೆ ಗೆರೆ ಮುರಿದಿತ್ತು, ಸರಿಯಾಗಿ ಒಂದು ಗರಿಯಷ್ಟು. ಹೀಗೇ ಕಟ್ಟಿಕೊಟ್ಟರೆ ಕೇರಿಯ ಪೈರು ಒಣಗುವುದು ತನ್ನ ಕೈಯ ಗಂಟಿನಿಂದಲೇ ಅನ್ನಿಸಿತಂತೆ. ಗರಿಗಳನ್ನು ಮಡಿಲಿಗೆ ಹಾಕಿಕೊಂಡು ಹಾಡುಹಗಲೇ ಚಾವಡಿಗೆ ನಡೆದಳು. ಪಾಳೆಯಗಾರನೂ ಅವನ ಕರಣಿಕನೂ ಅಲ್ಲೇ ಕೂತಿದ್ದರು. ಒಂದು ಗರಿ ಕಳುವಾಗಿದೆ ಎಂದಳು.

ಕರಣಿಕ ನಕ್ಕ. "ಅಕ್ಷರ ಕಂಡರೆ ಇರುವೆ ಸಾಲು ಅನ್ನೋಳು, ನೀನೇನೇ ಸಂಕಿ ಗರಿ ಎಣಿಸೋದು?"

"ಎಣಿಸಲ್ಲ ಸ್ವಾಮಿ, ಮುಟ್ಟಿ ನೋಡ್ತೀನಿ. ತಗೊಳ್ಳಿ, ನೀವೂ ಮುಟ್ಟಿ."

ಕರಣಿಕ ಕೈ ಹಿಂದಕ್ಕೆಳೆದುಕೊಂಡನಂತೆ. ಊರವರು ಮಾತ್ರ ಒಬ್ಬೊಬ್ಬರಾಗಿ ಬಂದು ಉಗುರಾಡಿಸಿದರಂತೆ. ಒಂದಕ್ಷರ ಬಾರದವರೂ ಆ ಕಳವನ್ನು ಓದಿಕೊಂಡರು.

ಬಾಯಿ ಮುಚ್ಚಿಕೊಂಡು ಕಟ್ಟು, ಇಲ್ಲವಾದರೆ ಬೆರಳು ಕತ್ತರಿಸುತ್ತೇನೆ ಎಂದನಂತೆ ಪಾಳೆಯಗಾರ. ಕಟ್ಟದೆ ಏನು, ಕಟ್ಟುತ್ತೇನೆ ಎಂದಳಂತೆ ಸಂಕವ್ವ. ಅವನ ಎದುರಿಗೇ ಕೂತಳು. ಗೆರೆ ಮುರಿದ ಜಾಗಕ್ಕೆ ಒಂದು ಖಾಲಿ ಗರಿ ಸೇರಿಸಿದಳು, ಬಿಗಿದು ಕಟ್ಟಿದಳು, ಚಾವಡಿಯ ನಡುವೆ ಇಟ್ಟಳು, ಎದ್ದು ನೇರ ತೂಬಿನ ಕಡೆ ನಡೆದಳು. ಕೆಳಕೇರಿ ಹಿಂದೆ ನಡೆಯಿತು, ಅದರ ಹಿಂದೆ ಊರೇ ನಡೆಯಿತು. ಅಷ್ಟು ಬೆರಳು ಕತ್ತರಿಸುವ ಕತ್ತಿ ಅವನಲ್ಲಿರಲಿಲ್ಲ. ತೂಬು ತೆರೆಯಿತು. ಕಳುವಾದ ಗರಿ ಏನಾಯಿತೋ, ಒಲೆಗೆ ಹೋಯಿತು ಅನ್ನುತ್ತಾರೆ. ಸಿಕ್ಕಲಿಲ್ಲ ಅನ್ನುವುದಂತೂ ನಿಜ.

ಈಗಲೂ ತಾಳೆಮಡುವಿನಲ್ಲಿ ಮಹಾನವಮಿಗೆ ಗ್ರಂಥ ಓದುತ್ತಾರಂತೆ. ಖಾಲಿ ಗರಿ ಬಂದಾಗ ಓದುವವರು ಸುಮ್ಮನಾಗುತ್ತಾರೆ. ಆಗ ಕೆಳಕೇರಿ ಎದ್ದು ನಿಲ್ಲುತ್ತದೆ. ಮುದುಕರು, ಹೆಂಗಸರು, ಕಂಕುಳಲ್ಲಿ ಕೂಸು, ಎಲ್ಲರೂ ಸೇರಿ ಆ ಗರಿಯನ್ನು ಬಾಯಿಂದಲೇ ಓದುತ್ತಾರೆ: ಕೆರೆ ತೋಡಿದವರು ನಾವು, ನೀರು ಮೊದಲು ನಮ್ಮ ಗದ್ದೆಗೆ.